ರಾಜಕುಮಾರಿಗೆ ಒಂದು ದಿನ ರಜೆ

ಕಿರೀಟ ಹೊತ್ತವರ ಕಷ್ಟ ತಲೆಯಲ್ಲಿರುತ್ತದೆ ಎಂದು ಸಾಮಾನ್ಯವಾಗಿ ಎಲ್ಲರ ನಂಬಿಕೆ. ಅದು ಕಾಲಿನಲ್ಲಿರುತ್ತದೆ ಎಂದು ನನಗೆ ಮನವರಿಕೆಯಾದದ್ದು 'ರೋಮನ್ ಹಾಲಿಡೇ' ನೋಡಿದ ಮೇಲೆ. 1953ರ ಕಪ್ಪು ಬಿಳುಪು ಚಿತ್ರ. ವಿಲಿಯಂ ವೈಲರ್ ನಿರ್ದೇಶನ. ಹೆಸರಿಲ್ಲದ ಯಾವುದೋ ಯುರೋಪಿನ ದೇಶದ ರಾಜಕುಮಾರಿ ಆನ್, ಲಂಡನ್, ಆಮ್‌ಸ್ಟರ್‌ಡ್ಯಾಂ, ಪ್ಯಾರಿಸ್ ಮುಗಿಸಿಕೊಂಡು ರೋಮಿಗೆ ಬಂದಿದ್ದಾಳೆ. ರಾಯಭಾರ ಕಚೇರಿಯಲ್ಲಿ ಸಂಜೆ ಸತ್ಕಾರಕೂಟ. ತಲೆಯ ಮೇಲೆ ಕಿರೀಟ, ಎದೆಗೆ ಅಡ್ಡವಾಗಿ ರೇಷ್ಮೆ ಪಟ್ಟಿ, ನೆಲ ಮುಟ್ಟುವ ನಿಲುವಂಗಿ. ಒಬ್ಬೊಬ್ಬರ ಹೆಸರು, ಬಿರುದು ಕೂಗುತ್ತಾರೆ. ಬಿಷಪ್ಪರು, ಕೌಂಟರು, ನಮ್ಮ ಕಡೆಯ ಒಬ್ಬ ಮಹಾರಾಜರು, ಎಲ್ಲರೂ ಸಾಲಾಗಿ ಬಂದು ಬಾಗುತ್ತಾರೆ. ಒಬ್ಬೊಬ್ಬರಿಗೂ ಅವಳದೊಂದು ಮುಗುಳ್ನಗೆ, ಒಂದು ಮಾತು. ಆಗ ಕ್ಯಾಮೆರಾ ನಿಲುವಂಗಿಯ ಒಳಗೆ ಇಣುಕುತ್ತದೆ. ಹುಡುಗಿ ಒಂದು ಶೂನಿಂದ ಪಾದ ಹೊರತೆಗೆದು ಇನ್ನೊಂದು ಕಾಲಿಗೆ ಉಜ್ಜಿಕೊಳ್ಳುತ್ತಿದ್ದಾಳೆ. ಅಷ್ಟರಲ್ಲಿ ಶೂ ಮಗುಚಿ ಬೀಳುತ್ತದೆ. ಮೇಲೆ ಮುಖ ನಗುತ್ತಲೇ ಇದೆ, ಕೆಳಗೆ ಹೆಬ್ಬೆರಳು ಕತ್ತಲಲ್ಲಿ ತಡಕಾಡುತ್ತಿದೆ.

ಇದನ್ನು ನಮ್ಮ ಹೆಣ್ಣುಮಕ್ಕಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಆರತಕ್ಷತೆಯ ದಿನ ಮದುಮಗಳು ನಿಲ್ಲುವುದೂ ಹೀಗೆಯೇ. ಸಂಜೆ ಏಳಕ್ಕೆ ವೇದಿಕೆ ಹತ್ತಿದರೆ ಹತ್ತೂವರೆಯವರೆಗೆ ಇಳಿಯುವಂತಿಲ್ಲ. ಭಾರದ ಸೀರೆ, ಕತ್ತು ಬಗ್ಗಿಸುವ ಹಾರ, ಕಣ್ಣಿಗೆ ಹೊಡೆಯುವ ಫೋಟೋದವರ ದೀಪ. ಬಂದವರಲ್ಲಿ ಮುಕ್ಕಾಲು ಪಾಲು ಜನ ಯಾರೆಂದು ಅವಳಿಗೆ ಗೊತ್ತಿಲ್ಲ. ಅವರು ಲಕೋಟೆ ಕೈಗಿಡುತ್ತಾರೆ, ಪಕ್ಕಕ್ಕೆ ನಿಲ್ಲುತ್ತಾರೆ, ಅವಳು ನಗುತ್ತಾಳೆ. ಸೀರೆಯ ನೆರಿಗೆಯೊಳಗೆ ಎತ್ತರದ ಚಪ್ಪಲಿ ಕಳಚಿಟ್ಟು ತಣ್ಣನೆಯ ಹಲಗೆಯ ಮೇಲೆ ಪಾದ ಊರಿ ನಿಂತ ಎಷ್ಟು ಮದುಮಗಳಂದಿರನ್ನು ನಾನು ಕಂಡಿಲ್ಲ! ಆದರೆ ಅದು ಒಂದು ಸಂಜೆಯ ಮಾತು. ಆನ್‌ಗೆ ಅದು ದಿನದಿನದ ಬದುಕು.

ಅವಳ ಮಲಗುವ ಕೋಣೆಯ ದೃಶ್ಯ ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ಬಿಸಿ ಹಾಲು, ಬಿಸ್ಕತ್ತು ಮಂಚದ ಹತ್ತಿರಕ್ಕೇ ಬಂದಿವೆ. ಜೊತೆಗಿರುವ ಹಿರಿಯ ಕೌಂಟೆಸ್ ಕನ್ನಡಕ ಏರಿಸಿ ನಾಳೆಯ ಕಾರ್ಯಕ್ರಮ ಓದುತ್ತಾಳೆ. ಮೋಟಾರು ಕಾರ್ಖಾನೆಗೆ ಭೇಟಿ. ಅಲ್ಲಿ ಒಂದು ಸಣ್ಣ ಕಾರನ್ನು ಉಡುಗೊರೆ ಕೊಡುತ್ತಾರೆ. ಹುಡುಗಿ ಅಭ್ಯಾಸಬಲದಿಂದ ಧನ್ಯವಾದ ಹೇಳುತ್ತಾಳೆ. ಅದನ್ನು ತೆಗೆದುಕೊಳ್ಳಕೂಡದು ಎನ್ನುತ್ತಾಳೆ ಕೌಂಟೆಸ್. ಆಮೇಲೆ ಆಹಾರ ಮತ್ತು ಕೃಷಿ ಸಂಸ್ಥೆ. ಅಲ್ಲಿ ಆಲಿವ್ ಗಿಡ ಕೊಡುತ್ತಾರೆ. ಬೇಡ, ಧನ್ಯವಾದ ಎನ್ನುತ್ತಾಳೆ ಹುಡುಗಿ. ಇದನ್ನು ತೆಗೆದುಕೊಳ್ಳಬೇಕು ಎಂದು ಮತ್ತೆ ತಿದ್ದುಪಡಿ. ಅನಾಥಾಲಯದ ಶಂಕುಸ್ಥಾಪನೆಗೆ ಯಾವ ಭಾಷಣ, ವ್ಯಾಪಾರ ಸಂಬಂಧದ್ದೇ ಎಂದು ಅವಳು ಕೇಳುತ್ತಾಳೆ. ಅಲ್ಲ, ಯುವಜನರು ಮತ್ತು ಪ್ರಗತಿಯದ್ದು. ಹೀಗೆ ಸಾಗುತ್ತ ಸಾಗುತ್ತ ಒಂದು ಹೊತ್ತಿಗೆ ಅವಳು ಕಿರುಚಿ ಅಳತೊಡಗುತ್ತಾಳೆ. ವೈದ್ಯರು ಬಂದು ನಿದ್ದೆಯ ಸೂಜಿ ಚುಚ್ಚುತ್ತಾರೆ.

ಸಾರ್ವಜನಿಕ ಜೀವನದ ಹೆಣ್ಣಿನ ಬಗ್ಗೆ ಇಷ್ಟು ಚೆನ್ನಾಗಿ ಬರೆದ ಎರಡು ನಿಮಿಷ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಅವಳು ಅಳುವುದು ಕೆಲಸದ ಭಾರಕ್ಕಲ್ಲ ಎಂಬುದು ನನ್ನ ಓದು. ದಿನಕ್ಕೆ ಹತ್ತು ಕಡೆ ಓಡಾಡುವ ಶಕ್ತಿ ಆ ವಯಸ್ಸಿನಲ್ಲಿ ಯಾರಿಗಾದರೂ ಇರುತ್ತದೆ. ಅನಾಥ ಮಕ್ಕಳ ಎದುರು ನಿಂತು ಆಡುವ ಮಾತೂ ತನ್ನದಾಗಿರದೆ, ಬೇಕು ಬೇಡಗಳೂ ತನ್ನವಾಗಿರದೆ ಹೋದರೆ, ಆ ಕೆಲಸ ಮಾಡುತ್ತಿರುವವರು ಯಾರು? ಅವಳ ಜಾಗದಲ್ಲಿ ಅದೇ ನಿಲುವಂಗಿ ತೊಡಿಸಿ ಯಾರನ್ನು ನಿಲ್ಲಿಸಿದರೂ ನಡೆಯುತ್ತದೆ ಎಂಬ ಅರಿವು ಆ ಹುಡುಗಿಗೆ ಬಂದಿದೆ.

ಇಲ್ಲಿ ನನಗೆ ರೋಸಿ ನೆನಪಾಗುತ್ತಾಳೆ. ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಅವರ 'ದಿ ಗೈಡ್' ಕಾದಂಬರಿಯ ರೋಸಿ. ಆ ಕಾದಂಬರಿಯ ಹುಟ್ಟೇ ಸ್ವಾರಸ್ಯವಾದದ್ದು. ಮೈಸೂರಿನಲ್ಲಿ ಒಮ್ಮೆ ಘೋರ ಬರ ಬಂದು, ಕಾವೇರಿಯ ಪಾತ್ರದಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ವೈದಿಕರು ಮಳೆಗಾಗಿ ಪ್ರಾರ್ಥಿಸಿದ್ದರು. ಅದು ನಾರಾಯಣ್ ಮನಸ್ಸಿನಲ್ಲಿ ಉಳಿದಿತ್ತು. ಅಮೆರಿಕದ ಬರ್ಕ್ಲಿಯ ಹೋಟೆಲಿನಲ್ಲಿ ಕೂತು ಅದನ್ನು ಕಾದಂಬರಿ ಮಾಡಿದರು. 1958ರಲ್ಲಿ ಅಚ್ಚಾಯಿತು, 1960ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದುಗರೆಲ್ಲ ಕಥಾನಾಯಕ, ಪ್ರವಾಸಿ ಗೈಡ್ ರಾಜುವಿನ ಉಪವಾಸದ ಬಗ್ಗೆ ಮಾತಾಡುತ್ತಾರೆ. ನನ್ನ ಕಣ್ಣು ಮಾತ್ರ ಸದಾ ರೋಸಿಯ ಮೇಲೆ.

ದೇವದಾಸಿ ಮನೆತನದಲ್ಲಿ ಹುಟ್ಟಿ, ಎಂ.ಎ. ಓದಿ, ಪತ್ರಿಕೆಯ ಜಾಹೀರಾತು ನೋಡಿ ಮದುವೆಯಾದವಳು. ಗಂಡನಿಗೆ ಗುಹೆಗಳ ಚಿತ್ರ ಬೇಕು, ಹೆಂಡತಿಯ ನೃತ್ಯ ಬೇಡ. ರಾಜು ಅವಳನ್ನು ವೇದಿಕೆಗೆ ತರುತ್ತಾನೆ, ನಳಿನಿ ಎಂದು ಹೆಸರು ಬದಲಿಸುತ್ತಾನೆ, ಅವಳು ದೇಶದ ತುಂಬ ಹೆಸರಾಗುತ್ತಾಳೆ. ಆಮೇಲೆ ನೋಡಿ: ಕಾರ್ಯಕ್ರಮಗಳು ತಿಂಗಳುಗಟ್ಟಲೆ ಮುಂಚೆಯೇ ಗೊತ್ತಾಗಿಬಿಡುತ್ತವೆ. ಮನೆಗೆ ನ್ಯಾಯಾಧೀಶರು, ಮಿಲ್ ಮಾಲೀಕರು ಬರುತ್ತಾರೆ. ರಾಜು ಅವರೊಂದಿಗೆ ಇಸ್ಪೀಟು ಆಡುತ್ತಾನೆ. ಅವಳಿಗೆ ಬೇಕಾದದ್ದು ಹಾಡುವವರ, ಕುಣಿಯುವವರ ಸಂಗ. ಜಾತ್ರೆಯಿಂದ ಜಾತ್ರೆಗೆ ಹೊತ್ತು ತಿರುಗುವ ಪಂಜರದ ಗಿಣಿಗೆ, ಗಾಣದ ಎತ್ತಿಗೆ ಅವಳು ತನ್ನನ್ನು ಹೋಲಿಸಿಕೊಳ್ಳುತ್ತಾಳೆ. ರಾಜುವಿಗೆ ಅದು ಅರ್ಥವೇ ಆಗುವುದಿಲ್ಲ. ಹಣ ಬರುತ್ತಿದೆ, ಹೆಸರು ಬಂದಿದೆ, ಇನ್ನೇನು ಬೇಕು ಇವಳಿಗೆ?

ಖೋಟಾ ಸಹಿಯ ಮೊಕದ್ದಮೆಯಲ್ಲಿ ರಾಜು ಸಿಕ್ಕಿಬಿದ್ದಾಗ ರೋಸಿ ನಡೆದುಕೊಂಡ ರೀತಿಯನ್ನು ಕಂಡರೆ ನನಗೆ ಇಂದಿಗೂ ಗೌರವ. ಒಪ್ಪಿಕೊಂಡ ಕಾರ್ಯಕ್ರಮಗಳನ್ನು ಪೂರೈಸುತ್ತಾಳೆ, ಕುಣಿದ ಹಣದಲ್ಲಿ ಅವನಿಗೆ ದೊಡ್ಡ ವಕೀಲರನ್ನು ಇಡುತ್ತಾಳೆ, ಸಾಲವನ್ನೆಲ್ಲ ತೀರಿಸಿ ಮದ್ರಾಸಿಗೆ ಹೊರಟುಹೋಗುತ್ತಾಳೆ. ಜೈಲಿನಲ್ಲಿ ಕೂತ ರಾಜು ಪತ್ರಿಕೆಯಲ್ಲಿ ಅವಳ ಸುದ್ದಿ ಓದುತ್ತಾನೆ. ತಾನಿಲ್ಲದೆ ಅವಳು ಒಂದು ಹೆಜ್ಜೆಯೂ ಇಡಲಾರಳು ಎಂದುಕೊಂಡಿದ್ದವನಿಗೆ, ಅವಳು ಇನ್ನೂ ಎತ್ತರಕ್ಕೆ ಹೋಗಿರುವುದು ಕಾಣುತ್ತದೆ. 1965ರ ಹಿಂದಿ ಚಿತ್ರದಲ್ಲಿ ವಹೀದಾ ರೆಹಮಾನ್ ಕುಣಿದದ್ದು ಮರೆಯುವಂಥದ್ದಲ್ಲ, ಆದರೆ ಆ ಚಿತ್ರ ರೋಸಿಯನ್ನು ಕೊನೆಗೆ ರಾಜುವಿನ ಹತ್ತಿರ ಮರಳಿ ತಂದು ನಿಲ್ಲಿಸುತ್ತದೆ. ನಾರಾಯಣ್ ಹಾಗೆ ಮಾಡಲಿಲ್ಲ. ಕಾದಂಬರಿಯೇ ಸರಿ.

ರೋಸಿ ದೂರ ಹೋಗಿ ತನ್ನ ಕೆಲಸವನ್ನು ಉಳಿಸಿಕೊಂಡಳು. ಆನ್ ಓಡಿಹೋಗಿ, ಮರಳಿ ಬಂದು ಉಳಿಸಿಕೊಂಡಳು. ಓಡಿಹೋದದ್ದು ಸಾಮಾನು ಸಾಗಿಸುವ ಒಂದು ಟ್ರಕ್ಕಿನ ಹಿಂಭಾಗದಲ್ಲಿ, ಅರೆನಿದ್ದೆಯಲ್ಲಿ. ರೋಮಿನ ಹಳೆಯ ಅವಶೇಷಗಳ ಹತ್ತಿರ ಕಟ್ಟೆಯ ಮೇಲೆ ಮಲಗಿದ್ದವಳನ್ನು ಜೋ ಬ್ರಾಡ್ಲಿ ಎಂಬ ಅಮೆರಿಕನ್ ಪತ್ರಕರ್ತ ಕಾಣುತ್ತಾನೆ. ಅದು ಗ್ರೆಗೊರಿ ಪೆಕ್. ಮಾರ್ಗುಟ್ಟಾ ಬೀದಿಯ ತನ್ನ ಒಂಟಿ ಕೋಣೆಗೆ ಕರೆತಂದು ಮಲಗಿಸುತ್ತಾನೆ. ಅವಳು ಯಾರೆಂದು ಅವನಿಗೆ ತಿಳಿಯುವುದು ಮರುದಿನ, ಪತ್ರಿಕೆಯ ಫೋಟೋ ನೋಡಿ. ಅವಳ ಒಳಗುಟ್ಟಿನ ಸಂದರ್ಶನಕ್ಕೆ, ಚಿತ್ರಗಳ ಸಮೇತ, ಐದು ಸಾವಿರ ಡಾಲರ್ ಕೊಡಲು ಸಂಪಾದಕ ಒಪ್ಪುತ್ತಾನೆ. ಸಿಗರೇಟು ಲೈಟರಿನೊಳಗೆ ಕ್ಯಾಮೆರಾ ಅಡಗಿಸಿಕೊಂಡ ಗೆಳೆಯನೊಬ್ಬನನ್ನೂ ಜೋ ಜೊತೆಗೆ ಸೇರಿಸಿಕೊಳ್ಳುತ್ತಾನೆ.

ಸಿಕ್ಕ ಒಂದು ದಿನದಲ್ಲಿ ಅವಳು ಏನು ಮಾಡಿದಳು? ಸಂತೆಯಂಥ ಬೀದಿಯಲ್ಲಿ ಮೊದಲು ಕೊಂಡದ್ದು ಕಾಲಿಗೆ ಹಿತವಾದ ಚಪ್ಪಲಿ. ಆಮೇಲೆ ಕ್ಷೌರದಂಗಡಿಗೆ ಹೋಗಿ, ಅಂಗಡಿಯವನು ಬೇಡಬೇಡವೆಂದು ಸಂಕಟಪಟ್ಟರೂ ಕೇಳದೆ, ಉದ್ದ ಕೂದಲು ಕತ್ತರಿಸಿಕೊಂಡಳು. ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ ಐಸ್‌ಕ್ರೀಮು ತಿಂದಳು. ವೆಸ್ಪಾ ಸ್ಕೂಟರು ಓಡಿಸಿ ಪೊಲೀಸು ಠಾಣೆ ಸೇರಿದಳು. ರಾತ್ರಿ ಟೈಬರ್ ನದಿಯ ದೋಣಿಯ ಮೇಲೆ ಕುಣಿದಳು. ಹಿಡಿದೊಯ್ಯಲು ಬಂದ ಗೂಢಚಾರರೊಬ್ಬರ ತಲೆಗೆ ಗಿಟಾರಿನಿಂದ ಬಾರಿಸಿದಳು. ಅವಳ ಆಸೆಗಳ ಪಟ್ಟಿ ಇಷ್ಟೇ ಎಂಬುದು ನನ್ನ ಹೊಟ್ಟೆಯನ್ನು ಕಿವುಚುತ್ತದೆ. ಸಾಮ್ರಾಜ್ಯ ಬಿಟ್ಟುಬಂದವಳು ಬೇಡಿದ್ದು ಬೀದಿಬದಿಯಲ್ಲಿ ಕೂರುವುದನ್ನು, ಅಂಗಡಿ ಕಿಟಕಿ ನೋಡುತ್ತ ನಡೆಯುವುದನ್ನು.

ನಡುವೆ ಸತ್ಯದ ಬಾಯಿಯ ದೃಶ್ಯವೂ ಇದೆ. ಸಾಂತಾ ಮರಿಯಾ ಇನ್ ಕೋಸ್ಮೆದಿನ್ ಚರ್ಚಿನ ಮೊಗಸಾಲೆಯಲ್ಲಿರುವ ದೊಡ್ಡ ಕಲ್ಲಿನ ಮುಖ; ಸುಳ್ಳು ಹೇಳಿದವರ ಕೈಯನ್ನು ಕಚ್ಚುತ್ತದೆಂಬ ನಂಬಿಕೆ. ಪೆಕ್ ತನ್ನ ಕೈಯನ್ನು ಅಂಗಿಯ ತೋಳಿನೊಳಗೆ ಅಡಗಿಸಿ ತೋರಿಸಿದಾಗ ಆನ್ ಪಾತ್ರದ ಆಡ್ರಿ ಹೆಪ್‌ಬರ್ನ್ ಕಿರುಚಿದ್ದು ನಟನೆಯಲ್ಲ, ಅವರಿಗೆ ಮುಂಚೆ ಹೇಳಿರಲಿಲ್ಲ ಎಂದು ಚಿತ್ರತಂಡದವರೇ ಹೇಳಿದ್ದಾರೆ. ಆ ಹೊತ್ತಿಗೆ ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಿರುವವರೇ. ಅವಳು ಶಾಲೆಯಿಂದ ತಪ್ಪಿಸಿಕೊಂಡ ಹುಡುಗಿ, ಅವನು ರಸಗೊಬ್ಬರ ಮಾರುವವನು.

ಈ ಚಿತ್ರವನ್ನು ನಾನು ಅಮ್ಮನ ಜೊತೆ ಕೂತು ನೋಡಿದೆ. ಅಮ್ಮನಿಗೆ ಇಂಗ್ಲಿಷ್ ಬಾರದು, ಕತೆ ಮಾತ್ರ ಪೂರ್ತಿ ತಿಳಿಯಿತು. ನಡುರಾತ್ರಿ ಕಾರಿನಿಂದಿಳಿದು ಆನ್ ರಾಯಭಾರ ಕಚೇರಿಯ ಗೇಟಿನ ಕಡೆ ಓಡಿದಾಗ ಅಮ್ಮ, "ವಾಪಸ್ ಹೋಗಬಾರದಿತ್ತು ಕಣೇ" ಎಂದರು. ಅವರು ತೀರ್ಥಹಳ್ಳಿಯ ಕಡೆ ಅಡಿಕೆ ತೋಟದ ದೊಡ್ಡ ಮನೆಗೆ ಹಿರಿಸೊಸೆಯಾಗಿ ಬಂದವರು. ಊರಿನ ಸತ್ಯನಾರಾಯಣ ಪೂಜೆಗೆ, ತಿಥಿಗೆ, ಬಸುರಿ ಬಾಣಂತಿಯರಿಗೆ ಎಲ್ಲದಕ್ಕೂ 'ದೊಡ್ಡಮನೆ ಅಕ್ಕ' ಬರಬೇಕು. ಕರೆದಲ್ಲಿಗೆ ಹೋಗದಿದ್ದರೆ ಮಾತು, ಹೋದರೆ ಉಟ್ಟ ಸೀರೆಯ ಮೇಲೆ ಮಾತು. ಅವರ ಬಾಯಲ್ಲಿ ಆ ತೀರ್ಪು ಬಂದಾಗ ನಾನು ಎದುರಾಡಲಿಲ್ಲ. ಅದನ್ನು ಹೇಳುವ ಹಕ್ಕು ಅವರಿಗಿತ್ತು. ಆದರೂ ನನ್ನ ಅಭಿಪ್ರಾಯ ಬೇರೆ, ಅದನ್ನು ಇಲ್ಲಿ ಹೇಳುತ್ತೇನೆ.

ಆನ್ ಹೋದ ದಾರಿಯಲ್ಲೇ ಹಿಂದಿರುಗಿದಳು, ಆದರೆ ಹೋದವಳೇ ಹಿಂದಿರುಗಲಿಲ್ಲ. ರಾಯಭಾರಿ ಕರ್ತವ್ಯದ ಪಾಠ ಶುರುಮಾಡುತ್ತಾನೆ. ಅವಳು ಅಲ್ಲಿಗೇ ತಡೆಯುತ್ತಾಳೆ. ತನ್ನ ಮನೆತನಕ್ಕೆ, ದೇಶಕ್ಕೆ ತಾನು ಏನು ಸಲ್ಲಿಸಬೇಕೆಂದು ತಿಳಿದಿರದಿದ್ದರೆ ಈ ರಾತ್ರಿ ಬರುತ್ತಲೇ ಇರಲಿಲ್ಲ, ಎಂದೆಂದೂ ಬರುತ್ತಿರಲಿಲ್ಲ ಎನ್ನುತ್ತಾಳೆ. ಕೌಂಟೆಸ್ ತಂದ ಹಾಲು ಬಿಸ್ಕತ್ತನ್ನು ಬೇಡವೆನ್ನುತ್ತಾಳೆ. ಇವತ್ತು ಕಾರ್ಯಕ್ರಮಗಳು ಬಹಳ ಇವೆಯಂತೆ, ನೀವಿನ್ನು ಹೊರಡಬಹುದು ಎಂದು ಹಿರಿಯರನ್ನೆಲ್ಲ ಕೋಣೆಯಿಂದ ಕಳಿಸುತ್ತಾಳೆ. ನಿನ್ನೆ ಅವಳ ಎದುರು ಓದಿದ ಕಾರ್ಯಕ್ರಮವೇ ಇವತ್ತಿನದೂ. ನಿನ್ನೆ ಅದು ಅವಳ ತಲೆಯ ಮೇಲೆ ಬಿದ್ದಿತ್ತು, ಇವತ್ತು ಅವಳೇ ಅದನ್ನು ಕೈಗೆ ತೆಗೆದುಕೊಂಡಿದ್ದಾಳೆ.

ನಮ್ಮ ಲಕ್ಷ್ಮೀಶನ 'ಜೈಮಿನಿ ಭಾರತ'ದಲ್ಲಿ ಸೀತಾ ಪರಿತ್ಯಾಗದ ಭಾಗ ಕೇಳಿದವರಿಗೆ ಗೊತ್ತು, ಅರಮನೆಯ ಹೆಣ್ಣಿಗೆ ಊರ ಮಾತು ಎಂಥ ಬೆಲೆ ಹೇರುತ್ತದೆಂದು. ರಾಮ ರಾಜಧರ್ಮವನ್ನು ಯೋಚಿಸಿದ. ಸೀತೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಕಾಡು ತಲುಪಿದ ಮೇಲೆ ಅವಳಿಗೆ ವಿಷಯ ತಿಳಿಯಿತು. ಗಮಕಿಗಳು ಆ ಭಾಗ ಹಾಡುವಾಗ ಜನ ಕಣ್ಣೊರೆಸಿಕೊಳ್ಳುವುದು ಅದಕ್ಕೇ ಎಂದು ನನಗನಿಸುತ್ತದೆ. ಕರ್ತವ್ಯ ಯಾರದೋ, ತೆತ್ತವಳು ಯಾರೋ. ಆನ್‌ಗೆ ಸಿಕ್ಕಿದ್ದು ಒಂದೇ ಒಂದು ಅನುಕೂಲ: ತೀರ್ಮಾನ ಅವಳದಾಗಿತ್ತು. ಅದಕ್ಕಾಗಿಯೇ ಅವಳ ದುಃಖವನ್ನು ನೋಡಿ ನನಗೆ ಕರುಣೆಗಿಂತ ಗೌರವ ಹುಟ್ಟುತ್ತದೆ.

ಚಿತ್ರ ತೆರೆಗೆ ಬಂದ ಕಾಲವೂ ಅಂಥದ್ದೇ. 1952ರ ಫೆಬ್ರವರಿಯಲ್ಲಿ ಕೀನ್ಯಾದಲ್ಲಿದ್ದ ಎಲಿಜಬೆತ್ ತಂದೆಯ ಸಾವಿನೊಂದಿಗೆ ಬ್ರಿಟನ್ನಿನ ರಾಣಿಯಾದರು. ಅದೇ ಬೇಸಿಗೆಯಲ್ಲಿ ರೋಮಿನಲ್ಲಿ ಚಿತ್ರೀಕರಣ. 1953ರ ಜೂನ್ 2ರಂದು ಪಟ್ಟಾಭಿಷೇಕ, ಆಗಸ್ಟಿನಲ್ಲಿ ಚಿತ್ರದ ಬಿಡುಗಡೆ. ರಾಣಿಯ ತಂಗಿ ಮಾರ್ಗರೆಟ್ ಮತ್ತು ಪೀಟರ್ ಟೌನ್‌ಸೆಂಡ್ ಅವರ ಪ್ರೀತಿಯ ಸುದ್ದಿ ಆಗ ಪತ್ರಿಕೆಗಳ ತುಂಬ. 1955ರ ಅಕ್ಟೋಬರ್ 31ರಂದು ಟೌನ್‌ಸೆಂಡ್ ಅವರನ್ನು ಮದುವೆಯಾಗುವುದಿಲ್ಲವೆಂದು ಮಾರ್ಗರೆಟ್ ಹೇಳಿಕೆ ಕೊಡಬೇಕಾಯಿತು. ತನ್ನ ಪ್ರೀತಿ ಮುಗಿಯಿತೆಂದು ಒಬ್ಬ ಹೆಣ್ಣುಮಗಳು ಇಡೀ ಜಗತ್ತಿಗೆ ಪ್ರಕಟಣೆ ಹೊರಡಿಸಬೇಕಾಗಿ ಬರುವುದು ಎಂಥ ಶಿಕ್ಷೆ! ಆನ್‌ಗೆ ಆ ಶಿಕ್ಷೆ ತಪ್ಪಿತು. ಏಕೆ ತಪ್ಪಿತು ಎಂಬುದಕ್ಕೆ ಬರುತ್ತೇನೆ. ಅದಕ್ಕೆ ಮುಂಚೆ ಕತೆ ಬರೆದವರ ಬಗ್ಗೆ ಹೇಳಲೇಬೇಕು.

ಡಾಲ್ಟನ್ ಟ್ರಂಬೊ ಎಂಬವರು ಕತೆ ಬರೆದದ್ದು. ಕಮ್ಯುನಿಸ್ಟರ ಬೇಟೆಯ ಕಾಲದಲ್ಲಿ ಅಮೆರಿಕದ ಸಂಸತ್ ಸಮಿತಿಯ ಪ್ರಶ್ನೆಗೆ ಉತ್ತರಿಸಲು ಒಪ್ಪದೆ ಜೈಲಿಗೆ ಹೋಗಿ ಬಂದವರು. ಹಾಲಿವುಡ್ಡಿನಲ್ಲಿ ಅವರಿಗೆ ಕೆಲಸ ಕೊಡುವಂತಿರಲಿಲ್ಲ. ಗೆಳೆಯ ಇಯಾನ್ ಮೆಕ್‌ಲೆಲನ್ ಹಂಟರ್ ತಮ್ಮ ಹೆಸರು ಕೊಟ್ಟರು. ಕತೆಗೆ ಬಂದ ಆಸ್ಕರ್ ಕೂಡ ಹಂಟರ್ ಹೆಸರಿಗೇ ಹೋಯಿತು. ಟ್ರಂಬೊ 1976ರಲ್ಲಿ ತೀರಿಕೊಂಡರು. 1993ರಲ್ಲಿ ಅವರ ಪತ್ನಿ ಕ್ಲಿಯೊ ಕೈಗೆ ಆ ಆಸ್ಕರ್ ಬಂತು; 2011ರಲ್ಲಿ ಬರಹಗಾರರ ಸಂಘ ಚಿತ್ರಕ್ಕೆ ಅವರ ಹೆಸರನ್ನು ಮರಳಿಸಿತು. ಹೆಸರಿನ ಭಾರ ತಾಳದೆ ಓಡಿಹೋದ ಹುಡುಗಿಯ ಕತೆಯನ್ನು ಹೆಸರು ಕಳೆದುಕೊಂಡ ಮನುಷ್ಯ ಬರೆದ. ತಮಗೆ ಸಿಗದಿದ್ದ ಖ್ಯಾತಿಯ ಬಗ್ಗೆ ಅವರ ಬರಹದಲ್ಲಿ ಒಂದಿಷ್ಟೂ ಕಹಿಯಿಲ್ಲ, ಸಿಕ್ಕವಳ ಬಗ್ಗೆ ಅಷ್ಟೊಂದು ಮರುಕವಿದೆ.

ಹೆಪ್‌ಬರ್ನ್ ಪಾಲಿಗೂ ಈ ಚಿತ್ರವೇ ಖ್ಯಾತಿಯ ಬಾಗಿಲು. ಇವಳ ಹೆಸರು ನನ್ನ ಹೆಸರಿನ ಸಮಕ್ಕೆ ಬರಬೇಕು ಎಂದು ಪೆಕ್ ತಾವಾಗಿಯೇ ಹೇಳಿದರು. ಅವರ ಊಹೆಯಂತೆ ಆಕೆಗೆ ಆಸ್ಕರ್ ಬಂತು. ಯುದ್ಧಕಾಲದಲ್ಲಿ ಹಾಲೆಂಡಿನಲ್ಲಿ ಬೆಳೆದವರು ಅವರು, 1944-45ರ ಚಳಿಗಾಲದ ಹಸಿವನ್ನು ಉಂಡವರು. ಕೊನೆಯ ವರ್ಷಗಳಲ್ಲಿ ಯುನಿಸೆಫ್ ಪರವಾಗಿ ಇಥಿಯೋಪಿಯಾಕ್ಕೆ, ಬಾಂಗ್ಲಾದೇಶಕ್ಕೆ ಹೋದರು. 1992ರಲ್ಲಿ ಸೊಮಾಲಿಯಾದ ಹಸಿದ ಮಕ್ಕಳ ನಡುವೆ ನಿಂತರು, 1993ರ ಜನವರಿಯಲ್ಲಿ ತೀರಿಕೊಂಡರು. ಅಲ್ಲಿ ಅವರು ಆಡಿದ ಮಾತು ಯಾರೋ ಬರೆದುಕೊಟ್ಟ 'ಯುವಜನರು ಮತ್ತು ಪ್ರಗತಿ' ಆಗಿರಲಿಲ್ಲ. ತಮ್ಮ ಮುಖವನ್ನು ಜಗತ್ತು ನೋಡುತ್ತದೆ ಎಂದು ಗೊತ್ತಿದ್ದು, ಆ ನೋಟವನ್ನು ಮಕ್ಕಳ ಕಡೆ ತಿರುಗಿಸಿದರು. ಪ್ರಸಿದ್ಧಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಉಂಟೇ?

ಈಗ ಕೊನೆಯ ದೃಶ್ಯ. ಪಲಾಜೊ ಕೊಲೊನ್ನಾದ ಬಂಗಾರದ ಹಜಾರ. ರಾಜಕುಮಾರಿಗೆ ಅನಾರೋಗ್ಯವಾಗಿತ್ತು ಎಂದು ಅಧಿಕೃತ ಹೇಳಿಕೆ, ಪತ್ರಕರ್ತರು ಸಾಲಾಗಿ ನಿಂತಿದ್ದಾರೆ. ಆನ್ ಒಳಗೆ ಬರುತ್ತಾಳೆ, ಕತ್ತರಿಸಿದ ಕೂದಲಿನಲ್ಲೇ. ಅರಮನೆಯ ಹೇಳಿಕೆ ಒಂದು ಹೇಳುತ್ತಿರುವಾಗ ಅವಳ ತಲೆ ಇನ್ನೊಂದು ಹೇಳುತ್ತಿದೆ. ಅದನ್ನು ಅವಳು ಮುಚ್ಚಿಲ್ಲ. ಸಾಲಿನಲ್ಲಿ ಜೋ ಮತ್ತು ಅವನ ಗೆಳೆಯನನ್ನು ಕಾಣುತ್ತಾಳೆ. ನಿನ್ನೆಯ ದಿನವೆಲ್ಲ ತನ್ನ ಜೊತೆಗಿದ್ದವರು ಪತ್ರಕರ್ತರು ಎಂದು ತಿಳಿಯುವುದು ಆ ಕ್ಷಣದಲ್ಲಿ. ಮುಖದ ಒಂದು ಗೆರೆಯೂ ಅಲುಗುವುದಿಲ್ಲ. ರಾಷ್ಟ್ರಗಳ ನಡುವಿನ ಸ್ನೇಹದ ಬಗ್ಗೆ ಯಾರೋ ಕೇಳಿದಾಗ, ಮನುಷ್ಯ ಮನುಷ್ಯರ ನಡುವಿನ ಸಂಬಂಧದಲ್ಲಿ ಇರುವಷ್ಟೇ ವಿಶ್ವಾಸ ಅದರಲ್ಲೂ ಇದೆ ಎನ್ನುತ್ತಾಳೆ. ನಿಮ್ಮ ವಿಶ್ವಾಸ ಸುಳ್ಳಾಗದು ಎಂದು ತನ್ನ ಸುದ್ದಿಸಂಸ್ಥೆಯ ಪರವಾಗಿ ಜೋ ಉತ್ತರಿಸುತ್ತಾನೆ. ಹಜಾರದ ತುಂಬ ಜನರಿದ್ದಾರೆ, ಆ ಮಾತಿನ ಅರ್ಥ ತಿಳಿದವರು ಮೂರೇ ಜನ.

ಯಾವ ನಗರ ಹೆಚ್ಚು ಹಿಡಿಸಿತು ಎಂಬ ಪ್ರಶ್ನೆಗೆ ಒಪ್ಪಿಸಬೇಕಾದ ಉತ್ತರ ಸಿದ್ಧವಿತ್ತು: ಪ್ರತಿಯೊಂದೂ ತನ್ನದೇ ರೀತಿಯಲ್ಲಿ. ಅವಳು ಅದನ್ನೇ ಶುರುಮಾಡುತ್ತಾಳೆ, ನಡುವೆ ನಿಲ್ಲಿಸುತ್ತಾಳೆ, ರೋಮ್ ಎಂದು ಬಿಡುತ್ತಾಳೆ. ಪರಿವಾರದವರು ಬೆಚ್ಚುತ್ತಾರೆ. ಆಮೇಲೆ ಕಾರ್ಯಕ್ರಮದಲ್ಲಿ ಇಲ್ಲದ ಒಂದು ಕೆಲಸ ಮಾಡುತ್ತಾಳೆ. ಮೆಟ್ಟಿಲಿಳಿದು ಪತ್ರಕರ್ತರ ಸಾಲಿನ ಹತ್ತಿರ ಬಂದು ಒಬ್ಬೊಬ್ಬರ ಕೈ ಕುಲುಕುತ್ತಾಳೆ. ಆ ಸಾಲಿನಲ್ಲಿ ಹಲವರು ಆಗ ರೋಮಿನಲ್ಲಿದ್ದ ನಿಜವಾದ ವರದಿಗಾರರೇ. ತಮ್ಮ ತಮ್ಮ ಪತ್ರಿಕೆಯ ಹೆಸರು ಹೇಳಿ ಪರಿಚಯಿಸಿಕೊಳ್ಳುತ್ತಾರೆ. ಸತ್ಕಾರಕೂಟದ ಸಾಲಿನ ಎದುರು ಅವಳನ್ನು ನಿಲ್ಲಿಸಿದ್ದರು. ಈ ಸಾಲಿನ ಹತ್ತಿರ ಅವಳೇ ನಡೆದು ಬಂದಿದ್ದಾಳೆ. ಅದೇ ಹಸ್ತಲಾಘವ, ಅದೇ ಒಂದೆರಡು ಸೌಜನ್ಯದ ಮಾತು, ಆದರೆ ಈಗ ಅದರೊಳಗೆ ಒಬ್ಬ ಮನುಷ್ಯಳಿದ್ದಾಳೆ.

ಜೋನ ಗೆಳೆಯ ಅವಳ ಕೈಗೆ ಒಂದು ಲಕೋಟೆ ಕೊಡುತ್ತಾನೆ. ರೋಮಿನ ನೆನಪಿಗೆ ಎನ್ನುತ್ತಾನೆ. ಒಳಗೆ ಆ ದಿನದ ಫೋಟೋಗಳು, ಗಿಟಾರು ಬೀಸಿದ್ದೂ ಸೇರಿ. ಐದು ಸಾವಿರ ಡಾಲರಿನ ಸುದ್ದಿಯನ್ನು ಇಬ್ಬರು ಬಡ ಪತ್ರಕರ್ತರು ಸುಮ್ಮನೆ ಬಿಟ್ಟುಕೊಟ್ಟರು. ಆನ್ ಅಷ್ಟು ಧೈರ್ಯವಾಗಿ ತನ್ನ ಜಾಗದಲ್ಲಿ ನಿಲ್ಲಲು ಸಾಧ್ಯವಾದದ್ದರಲ್ಲಿ ಅವಳ ಬಲ ಅರ್ಧವಾದರೆ, ಈ ಇಬ್ಬರ ಮೌನ ಉಳಿದ ಅರ್ಧ. ಹೆಸರಾದ ಹೆಣ್ಣೊಬ್ಬಳು ಮನುಷ್ಯಳಾಗಿ ಉಳಿಯಬೇಕಾದರೆ ನೋಡುವವರ ಸಹಾಯವೂ ಬೇಕು.

ಇವತ್ತು ಆ ಲೈಟರಿನ ಕ್ಯಾಮೆರಾ ನಮ್ಮೆಲ್ಲರ ಕೈಯಲ್ಲೂ ಇದೆ. ಮೊನ್ನೆ ಬಾಳೆಹಣ್ಣಿನ ಗಾಡಿಯ ಎದುರು ಮಗುವನ್ನೆತ್ತಿಕೊಂಡು ಚೌಕಾಸಿ ಮಾಡುತ್ತಿದ್ದ ಒಬ್ಬ ಪ್ರಸಿದ್ಧ ನಟಿಯನ್ನು ಜನ ಮುತ್ತಿ, ಅವರು ಹಣ್ಣನ್ನೂ ಕೊಳ್ಳದೆ ಕಾರು ಹತ್ತಿದ್ದನ್ನು ಕಂಡೆ. ಅಂಥವರು ನಿಮಗೂ ಎಲ್ಲಾದರೂ ಎದುರಾಗಬಹುದು: ದೇವಸ್ಥಾನದ ಸರತಿಯಲ್ಲಿ, ರೈಲಿನ ಎದುರು ಸೀಟಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ. ಗುರುತು ಸಿಕ್ಕಿದ್ದನ್ನು ದಯವಿಟ್ಟು ನಿಮ್ಮಲ್ಲೇ ಇಟ್ಟುಕೊಳ್ಳಿ, ಅವರು ತಮ್ಮ ಹಣ್ಣು ಕೊಂಡುಕೊಂಡು ಮನೆಗೆ ಹೋಗಲಿ.